ತಣ್ಣನೆಯ ಕಡಲಿಗೆ ದಡದಿಂದಲೇ ಇಳಿಯುವುದು: ಗೆಳೆಯರೊಡನೆ ಡೈವಿಂಗ್‌ಗೆ ಹೊರಟಿರುವ ನಮ್ಮ ಕಡೆಯವರು ಓದಿ

ಶಿರಾಗೇಟ್, ತುಮಕೂರು

ನಾನು ತುಮಕೂರಿಗೆ ವಾಪಸು ಬಂದು ಆರು ತಿಂಗಳಾಯಿತು. ಅದಕ್ಕೂ ಮೊದಲು ನಾಲ್ಕು ವರ್ಷ ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿ ಕೆಲಸದಲ್ಲಿದ್ದೆ. ಅಲ್ಲಿ ಶನಿವಾರ ಬಂತೆಂದರೆ ನಾವು ನಾಲ್ವರು ಗೆಳೆಯರು ಬೆಳಗಿನ ಐದಕ್ಕೆ ಕಾರು ಹತ್ತಿ, ನೂರಕ್ಕೂ ಹೆಚ್ಚು ಕಿಲೋಮೀಟರ್ ದೂರದ ಮಾಂಟೆರೆಗೆ ಹೋಗಿ, ಸ್ಯಾನ್ ಕಾರ್ಲೋಸ್ ಬೀಚಿನಿಂದ ಸ್ಕೂಬಾ ಡೈವಿಂಗ್ ಮಾಡುತ್ತಿದ್ದೆವು. ಈಗ ಊರಿನ ಗೆಳೆಯರು, ದೊಡ್ಡಪ್ಪನ ಮೊಮ್ಮಕ್ಕಳು ಎಲ್ಲರೂ ‘ನಮ್ಮನ್ನೂ ಕರೆದುಕೊಂಡು ಹೋಗು’ ಎನ್ನುತ್ತಿದ್ದಾರೆ. ಒಬ್ಬೊಬ್ಬರಿಗೂ ಬಿಡಿಯಾಗಿ ಹೇಳುವ ಬದಲು ಇಲ್ಲೇ ಬರೆಯುತ್ತೇನೆ.

ಮುರುಡೇಶ್ವರದ ಹತ್ತಿರದ ನೇತ್ರಾಣಿ ದ್ವೀಪಕ್ಕೆ ಹೋಗಿ ಬಂದವರು ದೋಣಿಯಿಂದ ನೀರಿಗೆ ಇಳಿದಿರುತ್ತೀರಿ. ಅಲ್ಲಿ ಜಾಗ ಆರಿಸುವವರು ಬೇರೆ, ಕೈಹಿಡಿದು ಕರೆದೊಯ್ಯುವ ತರಬೇತುದಾರರು ಬೇರೆ, ಮೇಲೆ ಬಂದರೆ ದೋಣಿ ಕಾಯುತ್ತಿರುತ್ತದೆ. ದಡದಿಂದ ಇಳಿಯುವಾಗ ಇದ್ಯಾವುದೂ ಇರುವುದಿಲ್ಲ. ಸಿಲಿಂಡರ್ ಹೊತ್ತು ಮರಳಿನಲ್ಲಿ ನಡೆಯಬೇಕು, ಅಲೆ ಒಡೆಯುವ ಪಟ್ಟಿಯನ್ನು ದಾಟಬೇಕು, ದಿಕ್ಸೂಚಿ ನೋಡಿಕೊಂಡು ಹೋದ ದಾರಿಯಲ್ಲೇ ಹಿಂದಿರುಗಬೇಕು. ಇವತ್ತು ಕಡಲಿಗೆ ಇಳಿಯಬಹುದೋ ಬಾರದೋ ಎಂದು ತೀರ್ಮಾನಿಸುವವರೂ ನಾವೇ.

ಕಾರು ನಿಲ್ಲಿಸಿದ ಕೂಡಲೇ ನಾವು ಡಿಕ್ಕಿ ತೆಗೆಯುತ್ತಿರಲಿಲ್ಲ. ಹತ್ತು ನಿಮಿಷ ಸುಮ್ಮನೆ ನಿಂತು ನೀರನ್ನು ನೋಡುತ್ತಿದ್ದೆವು. ಅಲೆಗಳು ಒಂದೇ ಸಮ ಬರುವುದಿಲ್ಲ. ಸಣ್ಣವು ಒಂದಷ್ಟು ಬಂದ ಮೇಲೆ ದೊಡ್ಡವು ನಾಲ್ಕೈದು ಒಟ್ಟಿಗೆ ಬರುತ್ತವೆ, ಆಮೇಲೆ ಸ್ವಲ್ಪ ಬಿಡುವು. ಆ ಬಿಡುವಿನಲ್ಲಿ ನಿಲ್ಲದೆ ದಾಟಿಕೊಳ್ಳಬೇಕು. ಸಿಲಿಂಡರಿನ ಗಾಳಿಯನ್ನು ಉಸಿರಿಗೆ ಕೊಡುವ ರೆಗ್ಯುಲೇಟರ್ ಬಾಯಲ್ಲಿ, ಒಂದು ಕೈ ಮಾಸ್ಕಿನ ಮೇಲೆ, ಇನ್ನೊಂದು ಕೈ ಜೊತೆಗಾರನ ತೋಳಿನ ಮೇಲೆ. ಮೊಣಕಾಲುದ್ದದ ನೀರಿನಲ್ಲಿ ನಿಂತು ಪಟ್ಟಿ ಸರಿಮಾಡಿಕೊಳ್ಳುತ್ತಾ ಕಡಲಿಗೆ ಬೆನ್ನು ಮಾಡಿದವನನ್ನು ಸೊಂಟದೆತ್ತರದ ಅಲೆಯೇ ಕೆಡವಿಹಾಕುತ್ತದೆ. ಬೆನ್ನಮೇಲಿನ ಭಾರಕ್ಕೆ ಏಳುವುದೇ ಕಷ್ಟ. ವಾಪಸು ಬರುವಾಗ ಕಾಲು ಸೋತಿದ್ದರೆ ಅಂಬೆಗಾಲಿಟ್ಟುಕೊಂಡೇ ದಡ ಸೇರುತ್ತಿದ್ದೆವು. ಅಲ್ಲಿ ಅನುಭವಸ್ಥರೂ ಹಾಗೆಯೇ ಬರುತ್ತಾರೆ.

ಇನ್ನು ಚಳಿ. ಅಲ್ಲಿನ ನೀರು ವರ್ಷವಿಡೀ 10ರಿಂದ 15 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿರುತ್ತದೆ. ಗಾಳಿಗಿಂತ ನೀರು ಸುಮಾರು 25 ಪಟ್ಟು ಬೇಗ ಮೈಯ ಬಿಸಿಯನ್ನು ಎಳೆದುಕೊಳ್ಳುತ್ತದೆ. ಹಾಗಾಗಿ ಏಳು ಮಿಲಿಮೀಟರ್ ದಪ್ಪದ ವೆಟ್‌ಸೂಟ್ ಎಂಬ ರಬ್ಬರಿನ ಉಡುಪು, ತಲೆಗೆ ಟೋಪಿ, ಕೈಗವಸು, ಬೂಟು. ಆ ರಬ್ಬರಿನ ತುಂಬ ಗಾಳಿಗುಳ್ಳೆಗಳಿರುವುದರಿಂದ ಅದು ತೇಲುತ್ತದೆ. ಮುಳುಗಲು ಸೊಂಟಕ್ಕೆ ಹತ್ತು ಕೆ.ಜಿ.ಗೂ ಹೆಚ್ಚು ಸೀಸ ಕಟ್ಟಿಕೊಳ್ಳಬೇಕಾಗುತ್ತಿತ್ತು. ಸೊಂಟದವರೆಗೆ ನೀರು ಬಂದರೂ ಅಷ್ಟಾಗಿ ಏನೂ ಅನ್ನಿಸುವುದಿಲ್ಲ. ಎದೆಮಟ್ಟ ತಲುಪಿದಾಗ ಕತ್ತಿನ ಹಿಂದಿನ ಸಂದಿಯಿಂದ ಮೊದಲ ಗುಟುಕು ನೀರು ಬೆನ್ನಿನ ನಡುವೆ ದಾರ ಎಳೆದಂತೆ ಇಳಿಯುತ್ತದೆ. ಬೇಡವೆಂದರೂ ಏದುಸಿರು ಬರುತ್ತದೆ. ಆಗ ತಲೆ ಮುಳುಗಿಸಬಾರದು. ಒಂದೆರಡು ನಿಮಿಷ ಹಾಗೇ ತೇಲುತ್ತಿದ್ದರೆ ಉಸಿರು ತಹಬಂದಿಗೆ ಬರುತ್ತದೆ. ಒಳಗೆ ಸೇರಿದ ನೀರನ್ನು ಮೈಯೇ ಬಿಸಿ ಮಾಡಿಕೊಳ್ಳುತ್ತದೆ. ನಮ್ಮಲ್ಲೊಬ್ಬ ಫ್ಲಾಸ್ಕಿನಲ್ಲಿ ಬಿಸಿನೀರು ತಂದು, ಇಳಿಯುವ ಮೊದಲು ಎಲ್ಲರ ಕೈಗವಸಿನೊಳಗೂ ಒಂದಿಷ್ಟು ಸುರಿಯುತ್ತಿದ್ದ. ಅವನು ಕಡೂರಿನವನು. ಆ ಬಿಸಿನೀರಿನ ಋಣ ನನ್ನ ಮೇಲಿದೆ.

ಇಷ್ಟೆಲ್ಲ ಬರೆದದ್ದು ಒಂದು ಸಂಗತಿ ಹೇಳುವುದಕ್ಕಾಗಿ. ಒಂದು ಶನಿವಾರ ಎಲ್ಲ ಸಿದ್ಧವಾಗಿತ್ತು. ಸಿಲಿಂಡರ್ ತುಂಬಿಸಿದ್ದೆವು, ಸೂಟ್ ಅರ್ಧ ಹಾಕಿದ್ದೆವು, ಕಡಲೂ ಶಾಂತವಾಗಿತ್ತು. ನಮ್ಮಲ್ಲೇ ಹೆಚ್ಚು ಅನುಭವವಿದ್ದವನು ‘ಇವತ್ತು ನನಗೆ ಬೇಡ’ ಎಂದ. ಯಾರೂ ಏಕೆ ಎಂದು ಕೇಳಲಿಲ್ಲ. ಕೇಳಬಾರದೆಂಬುದು ಅಲ್ಲಿನ ನಿಯಮ. ಯಾರು ಬೇಕಾದರೂ, ಯಾವ ಗಳಿಗೆಯಲ್ಲಾದರೂ, ಕಾರಣ ಹೇಳದೆ ಡೈವ್ ನಿಲ್ಲಿಸಬಹುದು. ಸೂಟ್ ಕಳಚಿ, ಸಾಮಾನು ಮತ್ತೆ ಡಿಕ್ಕಿಗೆ ತುಂಬಿ, ಹೋಟೆಲಿಗೆ ಹೋಗಿ ತಿಂಡಿ ತಿಂದೆವು. ನಮ್ಮೂರಿನ ಗೆಳೆಯರ ಗುಂಪಿನಲ್ಲಿ ಇದು ಸಾಧ್ಯವೇ? ನಾನು ಇಲ್ಲಿನ ಯಾರನ್ನಾದರೂ ನೀರಿಗೆ ಕರೆದೊಯ್ಯುವ ಮೊದಲು ಈ ಪ್ರಶ್ನೆಗೆ ಉತ್ತರ ಬೇಕು.

ಬಾವಿ ಈಜು, ಮಾಲೂರು

ಬರಹ ಹಿಡಿಸಿತು. ನಾನು ಬಾವಿಯಲ್ಲಿ ಈಜು ಕಲಿತವನು. ಮೊದಲು ಸೊಂಟಕ್ಕೆ ಬೆಂಡು, ಆಮೇಲೆ ಬರಿಗೈ. ನಮ್ಮ ತೋಟದ ಬಾವಿಯಲ್ಲಿ ನೀರಿದ್ದ ಕಾಲದಲ್ಲಿ ತಳ ಮುಟ್ಟಿ ಹಿಡಿ ಮಣ್ಣು ತರುತ್ತಿದ್ದೆವು. ಈಗ ಬೋರ್‌ವೆಲ್ ಕಾಲ, ಆ ಬಾವಿಯಲ್ಲಿ ಹುಲ್ಲು ಬೆಳೆದಿದೆ. ಒಂದೂವರೆ ನಿಮಿಷ ಉಸಿರು ಕಟ್ಟುವ ಅಭ್ಯಾಸ ಇವತ್ತಿಗೂ ಇದೆ. ಸಿಲಿಂಡರ್ ಇದ್ದರೆ ಇನ್ನೂ ಸುಲಭವಲ್ಲವೇ? ಬಾವಿ ಈಜಿನವರಿಗೆ ತರಬೇತಿ ಅಷ್ಟು ದಿನ ಬೇಕೇ?

ಶಿರಾಗೇಟ್, ತುಮಕೂರು

ಅಣ್ಣ, ಬೇಜಾರು ಮಾಡಿಕೊಳ್ಳಬೇಡಿ. ಬಾವಿಯಲ್ಲಿ ನಿಮ್ಮನ್ನು ಕಾಪಾಡಿದ ಅದೇ ಅಭ್ಯಾಸ ಇಲ್ಲಿ ಪ್ರಾಣಕ್ಕೆ ಎರವಾಗುತ್ತದೆ.

ಬಾವಿಗೆ ಧುಮುಕುವಾಗ ನೀವು ಮೇಲಿನ ಗಾಳಿಯನ್ನು ಎಳೆದುಕೊಂಡು ಹೋಗುತ್ತೀರಿ. ಕೆಳಗೆ ಅದು ಕುಗ್ಗುತ್ತದೆ, ಮೇಲೆ ಬಂದಾಗ ಮೊದಲಿನಷ್ಟಾಗುತ್ತದೆ, ತೊಂದರೆಯಿಲ್ಲ. ಸಿಲಿಂಡರಿನಲ್ಲಿ ಹಾಗಲ್ಲ. ರೆಗ್ಯುಲೇಟರ್ ಕೊಡುವ ಗಾಳಿ ನೀವಿರುವ ಆಳದ ಒತ್ತಡದ್ದು. ಹತ್ತು ಮೀಟರ್ ಕೆಳಗೆ ಎದೆ ತುಂಬ ಉಸಿರೆಳೆದು, ಅದನ್ನು ಕಟ್ಟಿಕೊಂಡು ಮೇಲೆ ಬಂದರೆ ಆ ಗಾಳಿ ಎರಡರಷ್ಟಾಗಲು ನೋಡುತ್ತದೆ. ಶ್ವಾಸಕೋಶ ಅಷ್ಟು ಹಿಗ್ಗುವುದಿಲ್ಲ, ಹರಿಯುತ್ತದೆ. ಎರಡು ಮೀಟರಿಗಿಂತ ಕಡಿಮೆ ಆಳದಿಂದ ಬಂದವರಿಗೂ ಹೀಗಾದದ್ದಿದೆ. ಆದ್ದರಿಂದ ಮೊದಲ ದಿನದ ಮೊದಲ ಪಾಠವೇ ‘ಉಸಿರು ಕಟ್ಟಬೇಡ’ ಎಂಬುದು. ಗಾಬರಿಯಾದಾಗ ಉಸಿರು ಕಟ್ಟಿ ಮೇಲಕ್ಕೆ ಹಾರುವುದು ಬಾವಿ ಈಜಿನವರ ಮೈಗೇ ಗೊತ್ತಿರುವ ವಿದ್ಯೆ. ಅದನ್ನು ಮರೆಯಲು ನಿಮಗೆ ಬೇರೆಯವರಿಗಿಂತ ಹೆಚ್ಚು ದಿನವೇ ಬೇಕಾಗಬಹುದು.

ನೀರಿನ ಭಯ ಇಲ್ಲದಿರುವುದು ನಿಮ್ಮ ದೊಡ್ಡ ಆಸ್ತಿ. ಅದನ್ನು ಅಲ್ಲಗಳೆಯುತ್ತಿಲ್ಲ.

ನಿವೃತ್ತ ಮೇಷ್ಟ್ರು, ಮಧುಗಿರಿ

ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಒತ್ತಡ ಹೆಚ್ಚಿದಷ್ಟೂ ಗಾಳಿ ಕುಗ್ಗುತ್ತದೆಂಬ ಬಾಯ್ಲ್‌ನ ನಿಯಮ ಪಾಠ ಮಾಡಿದ್ದೇನೆ. ಸೈಕಲ್ ಪಂಪ್ ತೋರಿಸುತ್ತಿದ್ದೆ. ಇಷ್ಟು ಒಳ್ಳೆಯ ಉದಾಹರಣೆ ಆಗ ಕೈಗೆ ಸಿಕ್ಕಿದ್ದರೆ ಮಕ್ಕಳು ಎಂದಿಗೂ ಮರೆಯುತ್ತಿರಲಿಲ್ಲ.

ಒಂದು ಲೆಕ್ಕ ಹಾಕಿ ತೋರಿಸುತ್ತೇನೆ, ಹೊರಟವರು ಕಾಗದ ತೆಗೆದುಕೊಳ್ಳಿ. ಸಮುದ್ರದಲ್ಲಿ ಪ್ರತಿ ಹತ್ತು ಮೀಟರ್ ಆಳಕ್ಕೆ ಒಂದು ವಾಯುಮಂಡಲದಷ್ಟು ಒತ್ತಡ ಹೆಚ್ಚುತ್ತದೆ. ಮೇಲ್ಮೈಯಲ್ಲಿ ಒಂದು, ಹತ್ತು ಮೀಟರಿನಲ್ಲಿ ಎರಡು, ಇಪ್ಪತ್ತರಲ್ಲಿ ಮೂರು. 12 ಲೀಟರ್ ಗಾತ್ರದ ಸಿಲಿಂಡರಿಗೆ 200 ಬಾರ್ (ಒಂದು ಬಾರ್ ಎಂದರೆ ಹೆಚ್ಚುಕಡಿಮೆ ಒಂದು ವಾಯುಮಂಡಲ) ಒತ್ತಡದಲ್ಲಿ ಗಾಳಿ ತುಂಬಿದರೆ ಒಟ್ಟು 2400 ಲೀಟರ್. 50 ಬಾರ್ ಉಳಿಸಿಕೊಂಡು ಮೇಲೆ ಬರಬೇಕೆಂದಿಟ್ಟುಕೊಂಡರೆ ಖರ್ಚಿಗೆ ಸಿಗುವುದು 1800 ಲೀಟರ್. ಸಮಾಧಾನದಲ್ಲಿರುವ ಮನುಷ್ಯ ಮೇಲ್ಮೈಯಲ್ಲಿ ನಿಮಿಷಕ್ಕೆ 20 ಲೀಟರ್ ಉಸಿರಾಡುತ್ತಾನೆಂದರೆ ಹತ್ತು ಮೀಟರಿನಲ್ಲಿ 40 ಲೀಟರ್ ಬೇಕು. 45 ನಿಮಿಷ ಆಯಿತು. ಚಳಿಗೋ ಭಯಕ್ಕೋ ಅವನ ಉಸಿರು ಇಮ್ಮಡಿಯಾದರೆ ಅದೇ ಸಿಲಿಂಡರ್ 22 ನಿಮಿಷಕ್ಕೆ ಮುಗಿಯಿತು. ಅಂದರೆ, ಮನಸ್ಸಿನಲ್ಲಿ ‘ಬೇಡ’ ಎಂದುಕೊಂಡೇ ಇಳಿದವನಿಗೆ ಸಿಗುವುದು ಅರ್ಧ ಸಿಲಿಂಡರ್. ಶಿರಾಗೇಟ್ ಅವರು ಹೇಳಿದ ನಿಯಮಕ್ಕೆ ಹೀಗೆ ಲೆಕ್ಕದ ಆಧಾರವೂ ಇದೆ.

ಇನ್ನೊಂದು ಮಾತು. ಪತ್ರಿಕೆಗಳಲ್ಲಿ ‘ಆಮ್ಲಜನಕದ ಸಿಲಿಂಡರ್ ಕಟ್ಟಿಕೊಂಡು ಮುಳುಗಿದರು’ ಎಂದು ಬರೆಯುತ್ತಾರೆ. ಅದು ತಪ್ಪು. ಒಳಗಿರುವುದು ನಾವು ಉಸಿರಾಡುವ ಗಾಳಿಯೇ, ಸೋಸಿ ಒತ್ತಿ ತುಂಬಿದ್ದು. ಶುದ್ಧ ಆಮ್ಲಜನಕವನ್ನು ಆರು ಮೀಟರಿಗಿಂತ ಆಳದಲ್ಲಿ ಉಸಿರಾಡಿದರೆ ಫಿಟ್ಸ್ ಬರುವ ಅಪಾಯವಿದೆ.

ತೆಂಗಿನ ತೋಟ, ತಿಪಟೂರು

ಎಲ್ಲ ಸರಿ. ಆದರೆ ನೇತ್ರಾಣಿಯಂಥ ಬೆಚ್ಚನೆಯ ನೀರು ನಮ್ಮ ರಾಜ್ಯದಲ್ಲೇ ಇರುವಾಗ ಅಷ್ಟು ಚಳಿಯಲ್ಲಿ, ಅಷ್ಟು ಭಾರ ಹೊತ್ತು ಇಳಿಯುವುದರಲ್ಲಿ ಏನು ಸಿಗುತ್ತದೆ? ನಿಜವಾಗಿಯೂ ತಿಳಿಯಬೇಕೆಂದು ಕೇಳುತ್ತಿದ್ದೇನೆ.

ಶಿರಾಗೇಟ್, ತುಮಕೂರು

ಆ ಚಳಿಯಿಂದಲೇ ಅಲ್ಲಿ ಅಷ್ಟು ಜೀವ ಇರುವುದು, ಅಣ್ಣ. ವಸಂತ, ಬೇಸಿಗೆಯಲ್ಲಿ ವಾಯವ್ಯದಿಂದ ಬೀಸುವ ಗಾಳಿ ಮೇಲಿನ ನೀರನ್ನು ದಡದಿಂದ ಆಚೆಗೆ ತಳ್ಳುತ್ತದೆ. ಆ ಜಾಗಕ್ಕೆ ಆಳದಿಂದ ತಣ್ಣೀರು ಏಳುತ್ತದೆ, ಜೊತೆಗೆ ತಳದ ಸತ್ವವನ್ನೂ ಮೇಲಕ್ಕೆ ತರುತ್ತದೆ. ಕೆರೆಯ ಹೂಳೆತ್ತಿ ಹೊಲಕ್ಕೆ ಹೊಡೆದ ಹಾಗೆ. ಆ ಗೊಬ್ಬರದಿಂದ ಕೆಲ್ಪ್ ಎಂಬ ದೈತ್ಯ ಕಡಲಪಾಚಿ ಬೆಳೆಯುತ್ತದೆ. ಹದ ಸರಿಯಿದ್ದರೆ ದಿನಕ್ಕೆ ಅರ್ಧ ಮೀಟರಿನಷ್ಟು ಏಳುತ್ತದೆ. ಎಲೆಯ ಬುಡಕ್ಕೊಂದು ಗಾಳಿಯ ಬುರುಡೆ, ಅದರ ಬಲದಿಂದ ಮೇಲ್ಮೈವರೆಗೆ ನೆಟ್ಟಗೆ ನಿಲ್ಲುತ್ತದೆ.

ಗುಬ್ಬಿ ಕಡೆಯ ಅಡಿಕೆ ತೋಟಕ್ಕೆ ಮಧ್ಯಾಹ್ನ ಹನ್ನೆರಡಕ್ಕೆ ಹೋಗಿ ನೆಲದ ಮೇಲೆ ಅಂಗಾತ ಮಲಗಿ ನೋಡಿದ್ದೀರಾ? ಬೆಳಕು ಕೋಲುಕೋಲಾಗಿ ಇಳಿಯುತ್ತದಲ್ಲ, ಹಾಗೆ. ಆದರೆ ಅಲ್ಲಿ ಮರಗಳೆಲ್ಲ ಒಟ್ಟಿಗೆ ಒಂದು ಕಡೆ ವಾಲುತ್ತವೆ, ಒಟ್ಟಿಗೆ ಇನ್ನೊಂದು ಕಡೆ ವಾಲುತ್ತವೆ, ನೀವೂ ಅವುಗಳ ಜೊತೆ ತೂಗುತ್ತೀರಿ. ಸೀಲ್ ಒಂದು ಹಿಂದಿನಿಂದ ಬಂದು ಕಾಲಿಗೆ ಹಾಕಿದ ಈಜುರೆಕ್ಕೆಯನ್ನು (ಫಿನ್) ಕಚ್ಚಿ ಎಳೆದು ನೋಡುತ್ತದೆ. ತಡೆಗೋಡೆಯ ಕಲ್ಲುಗಳ ಮೇಲೆ ಕಡಲಸಿಂಹಗಳು ಕೂಗುವುದು ನೀರೊಳಗೂ ಕೇಳಿಸುತ್ತದೆ. ಸುಮಾರು ಹದಿನೈದು ಮೀಟರಿನಲ್ಲಿ ಬಂಡೆಗಳ ತುಂಬ ಎನಿಮೋನ್ ಎಂಬ ಹೂವಿನಂಥ ಬಿಳಿಯ ಕಡಲಜೀವಿಗಳು, ಹೂಕೋಸಿನ ಗದ್ದೆಯಂತೆ.

ಕೆಲ್ಪ್ ಮೈಗೆ ಸುತ್ತಿಕೊಂಡರೆ ತಿರುಗಿ ಬಿಡಿಸಿಕೊಳ್ಳಲು ಹೋಗಬಾರದು, ಇನ್ನಷ್ಟು ಸುತ್ತುತ್ತದೆ. ನಿಂತು, ಜೊತೆಗಾರನನ್ನು ಕರೆದು, ಕಾಂಡವನ್ನು ಬಗ್ಗಿಸಿ ಮುರಿದರೆ ಬೀನ್ಸ್ ಮುರಿದಂತೆ ಲಟಕ್ಕನೆ ಮುರಿಯುತ್ತದೆ.

ಆ ಕಾಡೂ ಈಗ ಮೊದಲಿನಂತಿಲ್ಲ ಎಂದು ಹೇಳಲು ಸಂಕಟವಾಗುತ್ತದೆ. 2013ರಲ್ಲಿ ನಕ್ಷತ್ರಮೀನುಗಳಿಗೆ ರೋಗ ತಗುಲಿ ಅವು ಲೆಕ್ಕವಿಲ್ಲದಷ್ಟು ಸತ್ತವು, ಅದರ ಬೆನ್ನಿಗೇ ಕಡಲು ಬಿಸಿಯಾಯಿತು. ನಕ್ಷತ್ರಮೀನುಗಳು ತಿನ್ನುತ್ತಿದ್ದ ಮುಳ್ಳಿನ ಅರ್ಚಿನ್‌ಗಳು ವಿಪರೀತ ಹೆಚ್ಚಿ ಕೆಲ್ಪನ್ನು ಬುಡದಿಂದ ಮೇಯ್ದವು. ಮಾಂಟೆರೆಯಲ್ಲಿ ಕಡಲ ನೀರುನಾಯಿಗಳಿವೆ, ಅವೂ ಅರ್ಚಿನ್ ತಿನ್ನುತ್ತವೆ. ಅವು ಮೇಯುವ ಕಡೆ ಕಾಡಿನ ತುಂಡುಗಳು ಉಳಿದಿವೆ. ಒಂದು ವರ್ಷ ನೋಡಿದ ಜಾಗ ಮರುವರ್ಷ ಬೋಳಾಗಿದ್ದನ್ನು ನಾನೇ ಕಂಡಿದ್ದೇನೆ.

ಶುಶ್ರೂಷಕಿ, ಚಿಂತಾಮಣಿ

ಇಷ್ಟು ಹೊತ್ತು ಓದುತ್ತಿದ್ದೆ. ನೇತ್ರಾಣಿಯ ಮಾತು ಬಂದದ್ದರಿಂದ ಬರೆಯುತ್ತಿದ್ದೇನೆ. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ, ನಮ್ಮ ಈ ಮೂರೂ ಜಿಲ್ಲೆಯವರು ಇದನ್ನು ಗಮನವಿಟ್ಟು ಓದಬೇಕು.

ಒತ್ತಡದಲ್ಲಿ ಉಸಿರಾಡಿದಾಗ ಸಾರಜನಕ ರಕ್ತದಲ್ಲಿ, ಮೈಯ ಕೊಬ್ಬಿನಲ್ಲಿ ಕರಗಿ ಸೇರುತ್ತದೆ. ನಿಧಾನವಾಗಿ ಮೇಲೆ ಬಂದರೆ ಉಸಿರಿನಲ್ಲೇ ಹೊರಹೋಗುತ್ತದೆ. ಅದಕ್ಕೇ ನಿಮಿಷಕ್ಕೆ ಒಂಬತ್ತು ಮೀಟರಿಗಿಂತ ಬೇಗ ಏರಬಾರದು, ಐದು ಮೀಟರಿನಲ್ಲಿ ಮೂರು ನಿಮಿಷ ನಿಂತು ಬರಬೇಕು ಎನ್ನುವುದು. ಬೇಗ ಬಂದರೆ ಸೋಡಾ ಬಾಟಲಿಯ ಮುಚ್ಚಳ ತೆಗೆದ ಹಾಗೆ ಗುಳ್ಳೆಗಳೇಳುತ್ತವೆ. ಕೀಲುನೋವು, ಚರ್ಮದ ಮೇಲೆ ಗಂಧೆ, ಕೈಕಾಲು ಜೋಮು, ತಲೆಸುತ್ತು, ಕಾರಣವಿಲ್ಲದ ಸುಸ್ತು. ಇದು ಡೈವಿಂಗ್‌ನವರಿಗಷ್ಟೇ ಬರುವ ಕಾಯಿಲೆಯಲ್ಲ. 1870ರ ದಶಕದಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್ ಸೇತುವೆಯ ಅಡಿಪಾಯ ಅಗೆಯಲು ಒತ್ತಡದ ಗಾಳಿಯ ಗೂಡುಗಳಿಗೆ ಇಳಿದ ಕೂಲಿಕಾರರಿಗೆ ಬಂತು, ಮುಖ್ಯ ಎಂಜಿನಿಯರ್ ವಾಷಿಂಗ್ಟನ್ ರೋಬ್ಲಿಂಗ್ ಅವರನ್ನೂ ಹಾಸಿಗೆ ಹಿಡಿಸಿತು.

ಈಗ ನಮ್ಮ ವಿಷಯ. ಡೈವ್ ಮಾಡಿದ ಮೇಲೆ ವಿಮಾನ ಹತ್ತಬಾರದೆಂದು ಎಲ್ಲರಿಗೂ ಹೇಳುತ್ತಾರೆ. ಒಂದೇ ಡೈವ್ ಆದರೆ 12 ಗಂಟೆ, ಹಲವು ಆದರೆ 18 ಗಂಟೆ ಕಾಯಬೇಕು. ಆ ಸಲಹೆ ವಿಮಾನಕ್ಕೆ ಮಾತ್ರವಲ್ಲ, ಸುಮಾರು 600 ಮೀಟರಿಗಿಂತ ಎತ್ತರಕ್ಕೆ ಹೋಗುವ ಯಾರಿಗಾದರೂ ಅನ್ವಯಿಸುತ್ತದೆ. ತುಮಕೂರು, ಕೋಲಾರ 800 ಮೀಟರಿಗಿಂತ ಮೇಲಿವೆ, ಚಿಕ್ಕಬಳ್ಳಾಪುರ 900 ಮೀಟರ್ ದಾಟುತ್ತದೆ. ಮುರುಡೇಶ್ವರದಲ್ಲಿ ಮಧ್ಯಾಹ್ನ ನೀರಿನಿಂದೆದ್ದು, ಹೊನ್ನಾವರದಿಂದ ಗೇರುಸೊಪ್ಪೆಯ ಘಾಟಿ ಹತ್ತಿ, ಸಾಗರ, ಶಿವಮೊಗ್ಗ ಹಾದು ರಾತ್ರಿಗೆ ಮನೆ ಸೇರಿದರೆ ನೀವು ನೆಲದ ಮೇಲೆಯೇ ವಿಮಾನ ಹತ್ತಿದ ಹಾಗೆ. ಅಲ್ಲಿಗೂ ಇಲ್ಲಿಗೂ ಗಾಳಿಯ ಒತ್ತಡದಲ್ಲಿ ಸುಮಾರು ಶೇಕಡಾ 9ರಷ್ಟು ವ್ಯತ್ಯಾಸವಿದೆ. ನಂಬಿಕೆಯಾಗದಿದ್ದರೆ ಮುರುಡೇಶ್ವರದಲ್ಲಿ ಒಂದು ಚಿಪ್ಸ್ ಪೊಟ್ಟಣ ಕೊಂಡು ಒಡೆಯದೆ ಮನೆಗೆ ತನ್ನಿ. ಚಿಂತಾಮಣಿಗೆ ಬರುವಷ್ಟರಲ್ಲಿ ಅದು ದಿಂಬಿನಂತೆ ಉಬ್ಬಿರುತ್ತದೆ.

ಅಂದಮೇಲೆ ಆ ರಾತ್ರಿ ಅಲ್ಲೇ ಉಳಿಯಿರಿ. ಮನೆಗೆ ಬಂದ ಮೇಲೆ ಮೇಲಿನ ಲಕ್ಷಣಗಳು ಕಂಡರೆ ಆಸ್ಪತ್ರೆಗೆ ಹೋಗಿ, ಡೈವಿಂಗ್ ಮಾಡಿದ್ದೆವು ಎಂದು ಮೊದಲ ವಾಕ್ಯದಲ್ಲೇ ಹೇಳಿ. ನೀವು ಹೇಳದಿದ್ದರೆ ಬಯಲುಸೀಮೆಯಲ್ಲಿ ಯಾರಿಗೂ ಆ ಅನುಮಾನ ಬರುವುದಿಲ್ಲ. ಶುದ್ಧ ಆಮ್ಲಜನಕ ಕೊಡುವುದು ಮೊದಲ ಚಿಕಿತ್ಸೆ.

ನೆಗಡಿ ಇದ್ದರೆ ಇಳಿಯಬೇಡಿ. ಇಳಿಯುವಾಗ ಕಿವಿಯ ಒತ್ತಡ ಸರಿದೂಗಿಸಲು ಮೂಗು ಹಿಡಿದು ಊದಿದರೂ ಕಿವಿ ಬಿಡುವುದಿಲ್ಲ, ಕಿವಿಯ ತಮಟೆ ಹರಿಯಬಹುದು.

ತೆಂಗಿನ ತೋಟ, ತಿಪಟೂರು

ಅಕ್ಕ, ನಾವು ಕಳೆದ ಡಿಸೆಂಬರಿನಲ್ಲಿ ಅದೇ ದಿನ ರಾತ್ರಿ ವಾಪಸು ಬಂದೆವು. ನಮ್ಮ ಪೈಕಿ ಒಬ್ಬನಿಗೆ ಎರಡು ದಿನ ಭುಜ ನೋವಿತ್ತು. ಬಸ್ಸಿನಲ್ಲಿ ಒರಗಿ ಮಲಗಿದ್ದಕ್ಕೆ ಎಂದುಕೊಂಡೆವು. ಏನೆಂದು ಇನ್ನು ಹೇಳಲಾಗದು. ಆದರೆ ಕರೆದೊಯ್ದವರು ಯಾರೂ ಘಾಟಿಯ ವಿಷಯ ಎತ್ತಲಿಲ್ಲ, ನಾವೂ ತುಮಕೂರು ಜಿಲ್ಲೆಯವರೆಂದು ಹೇಳಲಿಲ್ಲ. ಇದನ್ನು ಮೊದಲೇ ಓದಿದ್ದರೆ ಒಂದು ರಾತ್ರಿಯ ಕೋಣೆಯ ಬಾಡಿಗೆಗೆ ಹಿಂದೆಮುಂದೆ ನೋಡುತ್ತಿರಲಿಲ್ಲ.

ಇಬ್ಬರು ಮಕ್ಕಳ ತಾಯಿ, ಗೌರಿಬಿದನೂರು

ನನ್ನ ದೊಡ್ಡ ಮಗನಿಗೆ ಹತ್ತೊಂಬತ್ತು. ಇದನ್ನು ಅವನೇ ನನಗೆ ಕಳಿಸಿದ. ನನಗೆ ಕಡಲಿನ ಭಯಕ್ಕಿಂತ ಕಲ್ಲು ಕ್ವಾರಿಯ ಭಯ ಹೆಚ್ಚು. ನಮ್ಮ ಸುತ್ತ ಕಲ್ಲು ತೆಗೆದು ಬಿಟ್ಟ ಹೊಂಡಗಳಿವೆ, ಮಳೆ ಬಂದರೆ ಹಸಿರು ನೀರು ತುಂಬಿಕೊಂಡು ನೋಡಲು ಚೆಂದ ಕಾಣುತ್ತವೆ. ಅಂಚು ಕಡಿದಾದದ್ದು, ಇಳಿದವನಿಗೆ ಹತ್ತಲು ಮೆಟ್ಟಿಲಿಲ್ಲ. ಮೇಲೆ ಬೆಚ್ಚಗಿದ್ದರೂ ಒಂದಾಳು ಕೆಳಗೆ ಕೊರೆಯುತ್ತದಂತೆ. ಬೇಸಿಗೆ ರಜೆಯಲ್ಲಿ ಪತ್ರಿಕೆ ತೆಗೆದರೆ ಇಂಥದ್ದೇ ಸುದ್ದಿ: ಒಬ್ಬ ಮುಳುಗಿದ, ಎಳೆಯಲು ಹೋದ ಇನ್ನಿಬ್ಬರೂ ಹೋದರು. ಸಿಲಿಂಡರ್ ಬಾಡಿಗೆಗೆ ಸಿಕ್ಕರೆ ಅಲ್ಲೇ ಅಭ್ಯಾಸ ಮಾಡಬಹುದು ಎಂದು ಮಗನ ಸ್ನೇಹಿತರು ಮಾತಾಡಿಕೊಳ್ಳುವುದನ್ನು ನಾನೇ ಕೇಳಿಸಿಕೊಂಡೆ. ದಯವಿಟ್ಟು ಇದರ ಬಗ್ಗೆ ಹೇಳಿ. ನಾನು ಹೇಳಿದರೆ ಅಮ್ಮನ ಭಯ ಎನ್ನುತ್ತಾನೆ.

ಶಿರಾಗೇಟ್, ತುಮಕೂರು

ಅಮ್ಮ, ನಿಮ್ಮ ಮಗನೂ ಓದುತ್ತಿದ್ದಾನೆಂದು ಅವನಿಗೇ ಹೇಳುತ್ತೇನೆ. ತಮ್ಮ, ಕ್ವಾರಿಯಲ್ಲಿ ಬೇಡ. ನಾಲ್ಕು ವರ್ಷ ಮಾಡಿದ ನಾನೂ ಅಲ್ಲಿ ಇಳಿಯುವುದಿಲ್ಲ. ಎತ್ತರದ ಊರಿನ ನೀರಿಗೆ, ಎಷ್ಟು ಆಳದಲ್ಲಿ ಎಷ್ಟು ಹೊತ್ತು ಇರಬಹುದೆಂಬ ಬೇರೆಯದೇ ಲೆಕ್ಕದ ಪಟ್ಟಿ ಬೇಕು. ತಳದಲ್ಲಿ ತಂತಿ, ಕಬ್ಬಿಣ, ಮರದ ಕೊಂಬೆ ಏನಿದೆಯೋ ಕಾಣುವುದಿಲ್ಲ. ಏನಾದರೂ ಆದರೆ ಎತ್ತಿಕೊಂಡು ಬರಲು ದಾರಿಯೂ ಇಲ್ಲ. ಕಲಿಯುವ ಆಸೆಯಿದ್ದರೆ ಮೊದಲು ಈಜುಕೊಳ, ಆಮೇಲೆ ತರಬೇತುದಾರರ ಜೊತೆ ಕಡಲು. ಮೊದಲ ಹಂತದ ಪ್ರಮಾಣಪತ್ರ ಸಿಕ್ಕವರಿಗೂ 18 ಮೀಟರ್ ಮಿತಿ ಇದೆ.

ಈಜುಕೊಳದಲ್ಲಿ ಗೆಳೆಯರೇ ಸೇರಿ ಕಲಿಯಬಹುದಾದದ್ದೊಂದಿದೆ, ಅದು ಕೈಸನ್ನೆ. ನೀರಿನಲ್ಲಿ ಹೆಬ್ಬೆರಳು ಎತ್ತಿ ತೋರಿಸಿದರೆ ‘ಚೆನ್ನಾಗಿದೆ’ ಎಂದಲ್ಲ, ‘ಮೇಲೆ ಹೋಗೋಣ’ ಎಂದು. ಚೆನ್ನಾಗಿದೆ ಎನ್ನಲು ಹೆಬ್ಬೆರಳು, ತೋರುಬೆರಳು ಸೇರಿಸಿ ಉಂಗುರ ಮಾಡಬೇಕು. ಅಂಗೈಯನ್ನು ಅಡ್ಡಡ್ಡ ಅಲ್ಲಾಡಿಸಿದರೆ ಏನೋ ಸರಿಯಿಲ್ಲ. ಕತ್ತಿನ ಮುಂದೆ ಕೈ ಕೊಯ್ದಂತೆ ಎಳೆದರೆ ಗಾಳಿ ಮುಗಿಯಿತು. ಒಬ್ಬ ಹೆಬ್ಬೆರಳು ಎತ್ತಿದರೆ ಜೊತೆಗಾರನೂ ಹೆಬ್ಬೆರಳು ಎತ್ತಿ ಅವನ ಜೊತೆ ಮೇಲೆ ಬರಬೇಕು. ಏಕೆಂದು ಅಲ್ಲಿ ಕೇಳುವಂತಿಲ್ಲ.

ಇದು ನಮ್ಮ ಹುಡುಗರಿಗೆ ಬರಬೇಕು. ಹೆದರಿಕೆಯಾಯಿತು ಎಂದವನನ್ನು ನಾವು ಆಡಿಕೊಳ್ಳುತ್ತೇವೆ. ಅದಕ್ಕೇ ಯಾರೂ ಹೇಳುವುದಿಲ್ಲ.

ಬಾವಿ ಈಜು, ಮಾಲೂರು

ಇದನ್ನು ಬರೆಯಲೋ ಬೇಡವೋ ಎಂದು ಎರಡು ದಿನ ಯೋಚಿಸಿದೆ. ನಾನು ಹತ್ತನೇ ತರಗತಿಯಲ್ಲಿದ್ದಾಗ ನಮ್ಮ ಜೊತೆ ಬಾವಿಗೆ ಒಬ್ಬ ಬರುತ್ತಿದ್ದ. ಬೆಂಡು ಬಿಚ್ಚಿ ಒಂದು ವಾರವಾಗಿತ್ತಷ್ಟೇ. ಅವತ್ತು ಕಪಿಲೆಯ ಕಲ್ಲಿನ ಮೇಲೆ ನಿಂತವನು ಹಾರಲೇ ಇಲ್ಲ. ಕೈ ಎರಡನ್ನೂ ಕಂಕುಳಲ್ಲಿ ಸಿಕ್ಕಿಸಿಕೊಂಡು ನಿಂತಿದ್ದ. ಹೆದರುಪುಕ್ಕಲ ಎಂದು ಮೊದಲು ಕೂಗಿದವನು ನಾನು. ಅವನು ಹಾರಿದ. ಮೇಲೆ ಬರಲಿಲ್ಲ. ಹೊಲದಲ್ಲಿದ್ದ ಅವನ ಚಿಕ್ಕಪ್ಪ ಓಡಿ ಬಂದು ಎತ್ತಿದರು. ಬದುಕಿಕೊಂಡ. ಮತ್ತೆ ಬಾವಿಯ ಕಡೆ ಬರಲಿಲ್ಲ, ನಮ್ಮ ಜೊತೆಗೂ ಬರಲಿಲ್ಲ. ಈಗ ಬಂಗಾರಪೇಟೆಯಲ್ಲಿ ಅಂಗಡಿ ಇಟ್ಟಿದ್ದಾನೆ. ಆ ದಾರಿಯಲ್ಲಿ ಎಷ್ಟೋ ಸಲ ಹೋಗಿದ್ದೇನೆ, ಒಳಗೆ ಹೋಗಿ ಮಾತಾಡಿಸಿಲ್ಲ.

ಶಿರಾಗೇಟ್ ಅವರೇ, ನಿಮ್ಮ ಪ್ರಶ್ನೆಗೆ ಉತ್ತರ ಕೇಳಿದ್ದಿರಿ. ನಮ್ಮ ಗುಂಪಿನಲ್ಲಿ ಆಗ ಅದು ಸಾಧ್ಯವಿರಲಿಲ್ಲ.

ನಿವೃತ್ತ ಮೇಷ್ಟ್ರು, ಮಧುಗಿರಿ

ಮುಂದಿನ ಸಲ ಆ ದಾರಿಯಲ್ಲಿ ಹೋದಾಗ ಅಂಗಡಿಯೊಳಗೆ ಹೋಗಿ, ಅಪ್ಪಾ.

ಶಿರಾಗೇಟ್, ತುಮಕೂರು

ಮೇಷ್ಟ್ರು ಹೇಳಿದ ಮೇಲೆ ನಾನು ಹೇಳುವುದೇನಿಲ್ಲ.

ಬರುವವರಿಗೆ: ಮುಂದಿನ ಭಾನುವಾರ ಬೆಳಗ್ಗೆ ಏಳಕ್ಕೆ ತುಮಕೂರಿನಲ್ಲಿ ಈಜುಕೊಳದ ಹತ್ತಿರ ಸೇರೋಣ. ಸಿಲಿಂಡರ್ ಇರುವುದಿಲ್ಲ, ಕೈಸನ್ನೆ ಮತ್ತು ತೇಲುವುದು ಮಾತ್ರ. ಮಾಸ್ಕ್ ಇದ್ದವರು ತನ್ನಿ. ಕಡಲಿಗೆ ಹೋಗುವುದಾದರೆ ಶುಕ್ರವಾರ ರಾತ್ರಿ ಹೊರಟು, ಶನಿವಾರ ತರಬೇತುದಾರರೊಡನೆ ಇಳಿದು, ರಾತ್ರಿ ಅಲ್ಲೇ ಉಳಿದು, ಭಾನುವಾರ ಊಟ ಮುಗಿಸಿ ಘಾಟಿ ಹತ್ತುವುದು. ಚಿಂತಾಮಣಿಯ ಅಕ್ಕ ಹೇಳಿದ 18 ಗಂಟೆ ಇದರಲ್ಲಿ ಸೇರಿದೆ. ಕೋಣೆಯ ಬಾಡಿಗೆಯನ್ನು ಸಮನಾಗಿ ಹಂಚಿಕೊಳ್ಳೋಣ.

ಬಾವಿ ಈಜು, ಮಾಲೂರು

ನಾನು ಬರುತ್ತೇನೆ. ಕಡಲಿಗೂ ಬರುತ್ತೇನೆ. ಇಳಿಯುತ್ತೇನೋ ಇಲ್ಲವೋ ಅಲ್ಲಿ ನಿಂತಾಗ ಹೇಳುತ್ತೇನೆ.